ಬಂಡೆ ಒಡೆಯುವ ಮುನ್ನ

ಕೋಲಾರದ ಚಿನ್ನದ ಗಣಿಗಳಲ್ಲಿ (ಕೆಜಿಎಫ್) ಮದ್ದು ಇಡದಿದ್ದರೂ ಬಂಡೆ ಸಿಡಿಯುತ್ತಿತ್ತು. 1898ರಲ್ಲಿ ಉರಿಗಾಂ ಗಣಿಯಲ್ಲಿ ಮೊದಲು ದಾಖಲಾದ ಈ ಸಿಡಿತವನ್ನು ಆಗ ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ರಾಕ್ ಬರ್ಸ್ಟ್ ಆಮೇಲೆ ಬಂದ ಹೆಸರು. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1904ರಲ್ಲಿ ಇದರ ಮೇಲೆ ಒಂದು ಪ್ರತ್ಯೇಕ ವರದಿಯನ್ನೇ ಬರೆದರು. ಗಣಿ ಆಳವಾದಂತೆ ಸಿಡಿತವೂ ಜೋರಾಯಿತು. ದೊಡ್ಡದಾದರೆ ಮೇಲಿನ ಪೇಟೆಯಲ್ಲೂ ನೆಲ ಅದುರುತ್ತಿತ್ತು.

ಒಂದು ಅವಘಡವಾದಾಗ ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ, ಕೊನೆಗೆ ಅದನ್ನು ದೂಡಿದ್ದು ಯಾವುದು ಎಂಬುದು. ಬಂಡೆಯ ವಿಷಯದಲ್ಲಿ ಆ ಪ್ರಶ್ನೆಯಿಂದ ಹೆಚ್ಚೇನೂ ಸಿಗಲಿಲ್ಲ. ವರ್ಷಗಟ್ಟಲೆ ಭಾರ ಹೊತ್ತು ನಿಂತ ಕಂಬ ಒಂದು ಸಣ್ಣ ನೆಪಕ್ಕೆ ಕ್ಷಣದಲ್ಲಿ ಪುಡಿಯಾಗುತ್ತಿತ್ತು. ಅದಕ್ಕೆ ಸರಿಯಾದ ವಿವರಣೆ 1960ರ ದಶಕದಲ್ಲಿ ದಕ್ಷಿಣ ಆಫ್ರಿಕದಿಂದ, ನೆವಿಲ್ ಕುಕ್ ಅವರ ಕೆಲಸದಿಂದ ಬಂತು. ಒಂದೇ ಬಗೆಯ ಕಲ್ಲು ಮೆದು ಯಂತ್ರದಲ್ಲಿ ಒತ್ತಿದರೆ ಢಮಾರೆಂದು ಸಿಡಿಯುತ್ತದೆ, ಬಿಗಿಯಾದ ಯಂತ್ರದಲ್ಲಿ ಒತ್ತಿದರೆ ಮೆಲ್ಲಗೆ ಜಗ್ಗುತ್ತದೆ. ಅಂದರೆ ಸಿಡಿತದ ಶಕ್ತಿ ಕಲ್ಲಿನಲ್ಲಷ್ಟೇ ಇಲ್ಲ, ಅದನ್ನು ಒತ್ತುತ್ತಿರುವ ಸುತ್ತಿನಲ್ಲೂ ಕೂಡಿಕೊಂಡಿದೆ. ಕಲ್ಲು ತಾಳಿಕೆ ಕಳೆದುಕೊಳ್ಳುವ ವೇಗಕ್ಕಿಂತ ಸುತ್ತಿನ ಒತ್ತಡ ನಿಧಾನವಾಗಿ ಇಳಿದರೆ ಮುಗಿಯಿತು, ಹಿಂದಿರುಗುವ ದಾರಿಯಿಲ್ಲ.

ಕೆಜಿಎಫ್‌ನವರು ಈ ಸೂತ್ರ ಬರುವ ಮೊದಲೇ ಅನುಭವದಿಂದ ಇದೇ ದಿಕ್ಕಿಗೆ ಬಂದಿದ್ದರು ಎಂಬುದು ನನಗೆ ಈ ಚರಿತ್ರೆಯಲ್ಲಿ ಅತಿ ಹೆಚ್ಚು ಇಷ್ಟವಾಗುವ ಭಾಗ. ಅದಿರು ತೆಗೆದ ಜಾಗಕ್ಕೆ ಮರದ ಆಸರೆ ಸಾಲದೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿದರು, ಆಮೇಲೆ ಕಾಂಕ್ರೀಟ್ ತುಂಬಿದರು. ನಡುವೆ ಒಂಟಿಯಾಗಿ ಉಳಿದ ಬಂಡೆಯ ತುಂಡು ಸುತ್ತಲಿನ ಭಾರವನ್ನೆಲ್ಲ ಎಳೆದುಕೊಳ್ಳುತ್ತದೆ ಎಂದು ಅಗೆಯುವ ಕ್ರಮವನ್ನೇ ಬದಲಿಸಿದರು. ಇಷ್ಟಿಲ್ಲದಿದ್ದರೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಕೆಳಗೆ ಇಳಿಯುತ್ತಿತ್ತೆಂದು ನನಗನಿಸುವುದಿಲ್ಲ.

ಮುಂದಿನದು ಕಿವಿಗೊಡುವ ಕಾಲ. 1978ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಗಣಿಗಳ ಸುತ್ತ ನೆಲದ ಕಂಪನ ಹಿಡಿಯುವ ಜಿಯೋಫೋನುಗಳ ಜಾಲ ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಲ್ಲೇ ಹುಟ್ಟಿತು. ಯಾವ ಭಾಗ ಚಡಪಡಿಸುತ್ತಿದೆ ಎಂಬುದು ತಿಳಿಯತೊಡಗಿತು. ಎಷ್ಟು ಗಂಟೆಗೆ ಒಡೆಯುತ್ತದೆ ಎಂಬುದು ಮಾತ್ರ ತಿಳಿಯಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಒಳಗೆ ನೀರು ತುಂಬಿದ ಮೇಲೂ ನಡುಕ ಪೂರಾ ನಿಲ್ಲಲಿಲ್ಲ.

ಇತ್ತ ಕೆರೆ, ಹವಾಮಾನ, ಕಾಡುಗಳನ್ನು ನೋಡುತ್ತಿದ್ದವರೂ ಕುಸಿತ ಯಾವಾಗ ಎಂಬ ಇದೇ ಗಂಟಿಗೆ ಬಂದು ನಿಂತಿದ್ದರು. ಮಾರ್ಟನ್ ಶೆಫರ್ ಮತ್ತು ಸಂಗಡಿಗರು 2009ರಲ್ಲಿ ಮುಂದಿಟ್ಟ ವಾದ ಸರಳ: ಮರಳಲಾಗದ ಘಟ್ಟ ಹತ್ತಿರವಾದಂತೆ ಒಂದು ವ್ಯವಸ್ಥೆ ಸಣ್ಣ ಪೆಟ್ಟಿನಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮುಪ್ಪಿನ ಶಾಸ್ತ್ರಕ್ಕೆ ಇದು ಬೇಗ ಒಗ್ಗಿತು. ವಯಸ್ಸಾದಂತೆ ಸಾವಿನ ಸಾಧ್ಯತೆ ಗುಣಿಸುತ್ತ ಏರುತ್ತದೆ ಎಂದು ಬೆಂಜಮಿನ್ ಗೊಂಪರ್ಟ್ಜ್ 1825ರಲ್ಲೇ ಲೆಕ್ಕ ಹಾಕಿದ್ದರು. ಯಾಕೆ ಎಂಬುದು ಉಳಿದಿತ್ತು. 2021ರಲ್ಲಿ ಪಿರ್ಕೊವ್ ತಂಡ ರಕ್ತಕಣಗಳ ಎಣಿಕೆ ಏರುಪೇರಾದ ಮೇಲೆ ಮಾಮೂಲಿಗೆ ಬರುವ ಅವಧಿಯನ್ನು ಅಳೆಯಿತು. ವಯಸ್ಸಿನೊಂದಿಗೆ ಅದು ಉದ್ದವಾಗುತ್ತದೆ, 120ರಿಂದ 150 ವರ್ಷದ ನಡುವೆ ಚೇತರಿಕೆ ಎಂಬುದೇ ಇಲ್ಲವಾಗುತ್ತದೆ ಎಂದಿತು. ಆ ಕೊನೆಯ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅಷ್ಟು ಬದುಕಿದವರನ್ನು ಅಳೆದು ಬಂದದ್ದಲ್ಲ ಅದು. ಅಲ್ಲದೆ ಕಲ್ಲು ತನ್ನ ಬಿರುಕನ್ನು ತಾನು ಮುಚ್ಚಿಕೊಳ್ಳುವುದಿಲ್ಲ, ದೇಹ ಮುಚ್ಚಿಕೊಳ್ಳುತ್ತದೆ. ಹೋಲಿಕೆಯನ್ನು ತೀರಾ ಎಳೆಯಬಾರದು.

ದೇಹಕ್ಕೆ ಹೀಗೆ ಕಿವಿಗೊಡುವ ಕೆಲಸವೂ ಕೋಲಾರ ಜಿಲ್ಲೆಯಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿಯಿಟ್ಟುಕೊಂಡಿದೆ. ಮರೆವಿನ ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲು ಮಿದುಳಿನಲ್ಲಿ ಏನು ಬದಲಾಗುತ್ತದೆಂದು ಹಿಡಿಯುವ ಯತ್ನ ಅದು.

ಇಂಥದೇ ನಿಡುಗಾಲದ ಪರೀಕ್ಷೆ ಕೆಜಿಎಫ್‌ನ ನಿವೃತ್ತ ಗಣಿ ಕಾರ್ಮಿಕರಿಗೂ ಬೇಕು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು, 1947ರಲ್ಲಿ, ಈ ಗಣಿಗಳಿಂದಲೇ. ಧೂಳಿನ ಕೆಲಸ ಬಿಟ್ಟ ಮೇಲೂ ಆ ರೋಗ ಶ್ವಾಸಕೋಶದಲ್ಲಿ ಮುಂದುವರಿಯಬಲ್ಲದು. ಗಣಿ ಮುಚ್ಚಿದಾಗ 40ರ ಪ್ರಾಯದಲ್ಲಿದ್ದವರಿಗೆ ಈಗ 60 ದಾಟಿದೆ.