ಬರಹ ಕಾಯಬಹುದು, ಓದು ಕಾಯದು

ಮುಂಬಯಿಯ ಸಯನ್ ಸ್ಟೇಷನ್ ಪಕ್ಕದ ರಸ್ತೆ ಸೇತುವೆ 1912ರದು. ಕೆಡವಿ ಕಟ್ಟಲೆಂದು 2024ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿದರು. ಸೇತುವೆಗೆ ವಯಸ್ಸಾಗಿತ್ತು, ನಿಜ. ಜೊತೆಗೆ ಅದರಡಿ ಐದನೆಯ, ಆರನೆಯ ಹಳಿಗೆ ಜಾಗವೂ ಇರಲಿಲ್ಲ. ದೂರದೂರಿನ ಗಾಡಿಗಳಿಗೆ ಬೇರೆ ಹಳಿ ಸಿಕ್ಕರೆ ಲೋಕಲ್‌ಗಳು ಅವುಗಳ ಹಿಂದೆ ಕಾಯಬೇಕಿಲ್ಲ.

ಕಂಪ್ಯೂಟರಿನಲ್ಲೂ ಇದೇ ತಕರಾರು. ದೊಡ್ಡದೊಂದು ಫೈಲ್ ಕಾಪಿ ಆಗುತ್ತಿರುವಾಗ ಬ್ರೌಸರ್ ಕಲ್ಲಾಗಿ ಕೂರುತ್ತದೆ. ಆದರೆ ಹಾರ್ಡ್ ಡಿಸ್ಕಿಗೆ ಐದನೆಯ ಹಳಿ ಹಾಕಲಾಗದು. ಅದರ ತಲೆಗಳೆಲ್ಲ ಒಟ್ಟಿಗೇ ಚಲಿಸುತ್ತವೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಅರ್ಧ ಸುತ್ತಿಗೇ 4 ಮಿಲಿಸೆಕೆಂಡು ಬೇಕು, ತೋಳು ಸರಿಯಲು ಇನ್ನೂ ಎಂಟೊಂಬತ್ತು. ಚದುರಿದ ಕೆಲಸಗಳಾದರೆ ಸೆಕೆಂಡಿಗೆ ಎಂಬತ್ತೋ ನೂರೋ ಮುಗಿದರೆ ಹೆಚ್ಚು.

ಹಳೆಯ ಯುನಿಕ್ಸ್ ಇದಕ್ಕೆ ಸಾಲದ ದಾರಿ ಹಿಡಿಯಿತು. ಬರೆಯಬೇಕಾದ್ದನ್ನು ಮೆಮೊರಿಯಲ್ಲಿಟ್ಟುಕೊಂಡು ಪ್ರೋಗ್ರಾಮಿಗೆ ‘ಆಯಿತು’ ಎಂದುಬಿಡುವುದು, 30 ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸುವುದು. ಹಾಗಾಗಿ ಬರೆಯುವವನಿಗೆ ಅವಸರವಿಲ್ಲ. ಓದುವವನ ಪಾಡು ಬೇರೆ: ಕೇಳಿದ ತುಣುಕು ಕೈಗೆ ಬರುವ ತನಕ ಪ್ರೋಗ್ರಾಮ್ ನಿಂತಲ್ಲೇ ನಿಂತಿರುತ್ತದೆ. ಅದರ ಮುಂದೆ ಮನುಷ್ಯನೊಬ್ಬ ಮೌಸ್ ಹಿಡಿದು ಕೂತಿರುತ್ತಾನೆ.

ಲಿನಕ್ಸಿನ 2.4 ಕರ್ನಲ್ ಈ ವ್ಯತ್ಯಾಸವನ್ನು ಸಾಲದಷ್ಟು ಗಮನಿಸಿತು. ಡಿಸ್ಕಿನ ಒಂದು ಭಾಗಕ್ಕೆ ಬರಹದ ಪ್ರವಾಹ ಹರಿಯುತ್ತಿದ್ದರೆ, ದೂರದ ಒಂದು ಪುಟ್ಟ ಓದು ಸೆಕೆಂಡುಗಟ್ಟಲೆ ಕಾಯಬೇಕಾಗುತ್ತಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6ರಲ್ಲಿ ಡೆನ್ಮಾರ್ಕಿನ ಜೆನ್ಸ್ ಆಕ್ಸ್‌ಬೋ ಬರೆದ ಶೆಡ್ಯೂಲರ್ ಗಡುವು ಹಾಕಿತು: ಓದಿಗೆ ಅರ್ಧ ಸೆಕೆಂಡು, ಬರಹಕ್ಕೆ 5 ಸೆಕೆಂಡು. ಅದೇ ಕರ್ನಲ್‌ನಲ್ಲಿದ್ದ ಇನ್ನೊಂದು ಉಪಾಯ ಇನ್ನೂ ಸೊಗಸು. 2001ರಲ್ಲಿ ರೈಸ್ ವಿಶ್ವವಿದ್ಯಾಲಯದ ಸೀತಾರಾಮ್ ಅಯ್ಯರ್ ಮತ್ತು ಪೀಟರ್ ದ್ರುಶೆಲ್ ತೋರಿಸಿದ್ದು ಇಷ್ಟು: ಒಂದು ಓದು ಮುಗಿದೊಡನೆ ತೋಳನ್ನು ಬೇರೆಡೆ ಓಡಿಸಬೇಡಿ, ಕೆಲವು ಮಿಲಿಸೆಕೆಂಡು ಸುಮ್ಮನಿರಿ, ಅದೇ ಪ್ರೋಗ್ರಾಮಿನ ಮುಂದಿನ ಓದು ಬಹುಶಃ ಪಕ್ಕದಲ್ಲೇ ಇರುತ್ತದೆ. ಕೆಲಸವಿದ್ದೂ ಕೈಕಟ್ಟಿ ಕೂರುವುದರಿಂದ ಕೆಲಸ ಬೇಗ ಸಾಗುತ್ತದೆ ಎಂದರೆ ಯಾವ ಮ್ಯಾನೇಜರ್ ತಾನೆ ನಂಬಿಯಾನು!

ಆದರೂ ದೂರು ನಿಲ್ಲಲಿಲ್ಲ, ಏಕೆಂದರೆ ತಪ್ಪು ಶೆಡ್ಯೂಲರಿನದು ಮಾತ್ರವಲ್ಲ. ಆಗಿನ ಎಕ್ಸ್ಟ್3 ಫೈಲ್ ವ್ಯವಸ್ಥೆಯಲ್ಲಿ ಒಂದು ಸಣ್ಣ ಫೈಲನ್ನು ‘ಈಗಲೇ ಡಿಸ್ಕಿಗೆ ಸೇರಿಸು’ ಎಂದರೆ, ಬೇರೆಯವರ ಬಾಕಿ ಬರಹವೂ ಅದರ ಜೊತೆ ಇಳಿಯಬೇಕಿತ್ತು. 2008ರ ಫೈರ್‌ಫಾಕ್ಸ್ 3 ಪುಟಗಳ ಇತಿಹಾಸ ಉಳಿಸಲು ಪದೇ ಪದೇ ಹಾಗೆ ಕೇಳಿ, ತಾನೇ ತಡೆದು ನಿಲ್ಲುತ್ತಿತ್ತು. ಇದಕ್ಕೆ ಬಹುಮಟ್ಟಿಗೆ ಪರಿಹಾರವಾದದ್ದು ಎಕ್ಸ್ಟ್4. ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವುದನ್ನೇ ಅದು ಮುಂದೂಡುತ್ತದೆ. ಜಾಗವೇ ಗೊತ್ತಾಗದ ಬರಹ ಯಾರ ಹಿಂದೆಯೂ ಇಳಿಯಬೇಕಿಲ್ಲ. ಆ ವ್ಯವಸ್ಥೆಯನ್ನು 2007ರಲ್ಲಿ ಒಟ್ಟಾವಾದಲ್ಲಿ ಮಂಡಿಸಿದ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಐಬಿಎಂನ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಡಿಸ್ಕಿಗೆ ಕೆಲಸ ಒಪ್ಪಿಸಿ ಕಾಯದೆ ಮುಂದುವರಿಯುವ ಸೌಲಭ್ಯ ಲಿನಕ್ಸಿಗೆ ಬರುವಲ್ಲೂ ಅವರ ಕೆಲಸವಿದೆ.

ಉಳಿದದ್ದು ಸಾಲದ ಮಿತಿ. 8 ಜಿಬಿ ಮೆಮೊರಿಯ ಶೇ 20ರಷ್ಟು ಎಂದರೆ ಸುಮಾರು 1.6 ಜಿಬಿ. ಸೆಕೆಂಡಿಗೆ 10 ಎಂಬಿ ಬರೆಯುವ ಪೆನ್ ಡ್ರೈವ್ ಅಷ್ಟನ್ನು ತೀರಿಸಲು ಎರಡೂವರೆ ನಿಮಿಷ ದಾಟುತ್ತದೆ. ಪ್ರತಿ ಡಿಸ್ಕಿಗೂ ಅದರ ವೇಗಕ್ಕೆ ತಕ್ಕ ಮಿತಿ 2008ರಲ್ಲಿ ಬಂತು. 2012ರಲ್ಲಿ ಫೆಂಗ್‌ಗ್ವಾಂಗ್ ವೂ ಅವರ ಬದಲಾವಣೆಯಿಂದ, ಅತಿಯಾಗಿ ಬರೆಯುವ ಪ್ರೋಗ್ರಾಮು ಆಗಾಗ ಚಿಕ್ಕ ಚಿಕ್ಕ ನಿದ್ದೆ ಮಾಡಬೇಕಾಯಿತು.

ಎಸ್‌ಎಸ್‌ಡಿಗಳು ಬಂದ ಮೇಲೆ ತೋಳಿನ ಕಾಟ ತಪ್ಪಿತು, ಸರದಿಯ ಕಾಟ ತಪ್ಪಲಿಲ್ಲ. ಸರದಿ ಸಾಧನದ ಒಳಗೇ ಬೆಳೆಯಿತು. ಕರ್ನಲ್ ಒಮ್ಮೆ ಕೊಟ್ಟ ಕೆಲಸವನ್ನು ಹಿಂದಕ್ಕೆ ಕೇಳುವಂತಿಲ್ಲ. 2017ರಲ್ಲಿ 4.10 ಕರ್ನಲ್ ಮೂಲಕ ಮತ್ತೆ ಆಕ್ಸ್‌ಬೋ ಅವರೇ ಉತ್ತರ ಕೊಟ್ಟರು, ಇಂಟರ್ನೆಟ್ ರೂಟರುಗಳ ದಟ್ಟಣೆ ಇಳಿಸಲು ರೂಪಿಸಿದ್ದ ಕೋಡೆಲ್ ವಿಧಾನದಿಂದ ಎರವಲು ಪಡೆದು. ಓದುಗಳು ಎಷ್ಟು ಬೇಗ ಮರಳುತ್ತಿವೆ ಎಂದು ಕರ್ನಲ್ ಅಳೆಯುತ್ತಿರುತ್ತದೆ. ಎಸ್‌ಎಸ್‌ಡಿಯಲ್ಲಿ 2 ಮಿಲಿಸೆಕೆಂಡು, ತಿರುಗುವ ಡಿಸ್ಕಿನಲ್ಲಿ 75 ಮಿಲಿಸೆಕೆಂಡು ಮೀರಿದರೆ ಹಿನ್ನೆಲೆಯ ಬರಹಗಳನ್ನು ಕಡಿಮೆ ಸಂಖ್ಯೆಯಲ್ಲಿ ಒಳಬಿಡುತ್ತದೆ. ಕಾಪಿ ತುಸು ತಡವಾಗಿ ಮುಗಿಯಬಹುದು. ಬ್ರೌಸರ್ ಮಾತ್ರ ಓಡುತ್ತಿರುತ್ತದೆ.