ಓವಾಟೊನ್ನದ ರೈತರ ಬ್ಯಾಂಕಿನ ಕಟ್ಟಡ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಿನೆಸೋಟ ಪ್ರಾಂತದಲ್ಲಿ, ಹೈನಿಗೂ ಧಾನ್ಯಕ್ಕೂ ಹೆಸರಾದ ಬಯಲುಸೀಮೆಯ ನಡುವೆ, ಓವಾಟೊನ್ನ ಎಂಬ ಸಣ್ಣ ಪಟ್ಟಣವುಂಟು. ಅಲ್ಲಿಯ ‘ನ್ಯಾಷನಲ್ ಫಾರ್ಮರ್ಸ್ ಬ್ಯಾಂಕ್’ ಎಂಬ ಸಂಸ್ಥೆಗಾಗಿ ೧೯೦೮ರಲ್ಲಿ ಪೂರ್ಣವಾದ ಕಟ್ಟಡವು ಆಧುನಿಕ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಗಣ್ಯಸ್ಥಾನವನ್ನು ಪಡೆದಿರುವುದು.

ಆ ಕಾಲದಲ್ಲಿ ಬ್ಯಾಂಕುಗಳನ್ನು ಗ್ರೀಕ್ ಅಥವಾ ರೋಮನ್ ದೇವಾಲಯಗಳ ಮಾದರಿಯಲ್ಲಿ ಕಟ್ಟಿಸುವುದು ವಾಡಿಕೆಯಾಗಿದ್ದಿತು. ಬ್ಯಾಂಕಿನ ಉಪಾಧ್ಯಕ್ಷನಾದ ಕಾರ್ಲ್ ಬೆನೆಟ್ಟನಿಗೆ ಈ ಅನುಕರಣವು ರುಚಿಸಲಿಲ್ಲ. ಶಿಕಾಗೋ ನಗರದ ವಾಸ್ತುಶಿಲ್ಪಿ ಲೂಯಿ ಸಲಿವನ್ನನ ಲೇಖನವೊಂದನ್ನು ಓದಿ, ಅವನನ್ನೇ ಈ ಕಾರ್ಯಕ್ಕೆ ಆರಿಸಿಕೊಂಡನು. ಸೇಂಟ್ ಲೂಯಿಯ ವೇನ್‌ರೈಟ್ ಸೌಧವೇ ಮೊದಲಾದ ಎತ್ತರದ ಕಟ್ಟಡಗಳಿಂದ ಕೀರ್ತಿವಂತನಾಗಿದ್ದ ಸಲಿವನ್ನನಿಗೆ ಆಗ ಕೆಲಸಗಳು ವಿರಳವಾಗಿದ್ದುವು. ಅವನ ಸಹಾಯಕನಾದ ಜಾರ್ಜ್ ಎಲ್ಮ್‌ಸ್ಲಿಯೂ ಈ ರಚನೆಯಲ್ಲಿ ಬಹುಮಟ್ಟಿಗೆ ಶ್ರಮಿಸಿದನು.

ಕಟ್ಟಡದ ತಳವು ೬೮ ಅಡಿಗಳ ಚೌಕವಾಗಿದೆ. ಕೆಂಪು ಮರಳುಗಲ್ಲಿನ ಪೀಠ, ಅದರ ಮೇಲೆ ಇಟ್ಟಿಗೆಯ ಗೋಡೆ. ಬೀದಿಗಳ ಕಡೆಯ ಎರಡು ಮುಖಗಳಲ್ಲಿಯೂ ೩೬ ಅಡಿ ಅಗಲದ ಒಂದೊಂದು ಮಹಾಕಮಾನು. ಗೋಡೆಯನ್ನು ಬಳಸಿ ಸುಟ್ಟ ಮಣ್ಣಿನ ಎಲೆಬಳ್ಳಿಗಳ ಪಟ್ಟಿಯಿರುವುದು. ದೂರದಿಂದ ನೋಡುವವರಿಗೆ ಇದು ಧನವನ್ನು ಕಾಯುವ ಭದ್ರವಾದ ಪೆಟ್ಟಿಗೆಯಂತೆಯೇ ತೋರುವುದು. ಒಳಗಾದರೋ ವಿಶಾಲವಾದ ಒಂದೇ ಸಭಾಂಗಣ. ಕಮಾನುಗಳ ಬಣ್ಣದ ಗಾಜಿನಿಂದ ಸೋಸಿ ಬರುವ ಬೆಳಕು ಅದನ್ನು ತುಂಬುತ್ತದೆ. ಒಂದೊಂದೂ ಎರಡು ಟನ್ನಿಗೂ ಮಿಗಿಲಾದ ತೂಕವುಳ್ಳ ನಾಲ್ಕು ಎರಕದ ಕಬ್ಬಿಣದ ದೀಪಗುಚ್ಛಗಳು ತೂಗುತ್ತಿವೆ. ಆಸ್ಕರ್ ಗ್ರಾಸನು ಬರೆದ ಭಿತ್ತಿಚಿತ್ರಗಳಲ್ಲಿ ಮೇಯುವ ಹಸುಗಳನ್ನೂ ಪೈರಿನ ಕೊಯ್ಲನ್ನೂ ಕಾಣಬಹುದು. ಠೇವಣಿಯಿಡಲು ಬಂದ ರೈತನು ತನ್ನ ಹಣದ ಮೂಲವನ್ನೇ ಆ ಗೋಡೆಗಳ ಮೇಲೆ ಕಾಣುತ್ತಿದ್ದನು.

ಆದರೆ ಹೊಲವನ್ನು ನಂಬಿದ ಬ್ಯಾಂಕಿಗೆ ಹೊಲದ ಕಷ್ಟವೂ ತಟ್ಟದೆ ಇರಲಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಬೆಳೆಗಳ ಬೆಲೆ ಕುಸಿದು, ಆ ಸೀಮೆಯ ಅನೇಕ ಬ್ಯಾಂಕುಗಳು ಮುಳುಗಿದುವು. ೧೯೨೬ರಲ್ಲಿ ಓವಾಟೊನ್ನದ ಈ ಬ್ಯಾಂಕೂ ಬಾಗಿಲು ಮುಚ್ಚಿತು. ಇದಕ್ಕೆ ಎರಡು ವರ್ಷ ಮುಂಚೆಯೇ, ೧೯೨೪ರಲ್ಲಿ, ಸಲಿವನ್ನನು ಬಡತನದಲ್ಲಿ ತೀರಿಕೊಂಡಿದ್ದನು. ಬಳಿಕ ಕಟ್ಟಡವು ಬೇರೆ ಬ್ಯಾಂಕಿನ ವಶಕ್ಕೆ ಬಂದಿತು. ೧೯೪೦ರ ದಶಕದ ಮಾರ್ಪಾಡುಗಳಲ್ಲಿ ಒಳಾಂಗಣದ ಮೂಲಾಲಂಕಾರಗಳು ಕೆಲವು ನಷ್ಟವಾದುವು. ೧೯೫೦ರ ದಶಕದ ಕೊನೆಯಲ್ಲಿ ಹಾರ್ವೆಲ್ ಹ್ಯಾಮಿಲ್ಟನ್ ಹ್ಯಾರಿಸನು ಉಳಿದುದನ್ನು ಗೌರವಿಸಿ ಜೀರ್ಣೋದ್ಧಾರವನ್ನು ನಡೆಯಿಸಿದನು. ೧೯೭೬ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾಯಿತು. ೧೯೮೧ರಲ್ಲಿ ಅಂಚೆಚೀಟಿಯ ಮೇಲೂ ಇದರ ಚಿತ್ರವು ಅಚ್ಚಾಯಿತು.

ಭದ್ರತೆಯನ್ನು ಸಾರಲೆಂದು ಕಟ್ಟಿದ ಈ ಗೋಡೆಗಳು ಸಂಸ್ಥೆಯನ್ನು ೧೮ ವರ್ಷಗಳಿಗಿಂತ ಹೆಚ್ಚು ಕಾಲ ಕಾಯಲಾರದೆ ಹೋದುವು. ಲೆಕ್ಕದ ಪುಸ್ತಕದ ಭದ್ರತೆಯೇ ಬೇರೆ, ಕಲ್ಲಿನ ಭದ್ರತೆಯೇ ಬೇರೆ. ಆದರೂ ಒಂದು ಸಣ್ಣ ಊರು ಪರರ ದೇವಾಲಯಗಳನ್ನು ಅನುಕರಿಸದೆ, ತನ್ನ ಹಸು, ತನ್ನ ಪೈರುಗಳಿಗೇ ಗೌರವದ ಮನೆಯನ್ನು ಕಟ್ಟಿಸಿದ್ದರಿಂದ, ಬ್ಯಾಂಕು ಅಳಿದ ಮೇಲೆಯೂ ಕಟ್ಟಡಕ್ಕೆ ಅರ್ಥವುಳಿಯಿತು.