ಸ್ಕ್ರೀನ್ ರೀಡರ್

ಸ್ಕ್ರೀನ್ ರೀಡರ್ (ಪರದೆ ಓದುಗ) ಎಂಬುದು ಗಣಕಯಂತ್ರ ಅಥವಾ ಮೊಬೈಲ್ ಫೋನಿನ ಪರದೆಯ ಮೇಲಿರುವ ಪಠ್ಯ, ಗುಂಡಿ, ಮೆನು ಮೊದಲಾದವುಗಳನ್ನು ಧ್ವನಿಯ ಮೂಲಕ ಓದಿ ಹೇಳುವ ಅಥವಾ ಬ್ರೈಲ್ ಲಿಪಿಯಲ್ಲಿ ಒದಗಿಸುವ ಸಹಾಯಕ ತಂತ್ರಾಂಶ. ಇದನ್ನು ಮುಖ್ಯವಾಗಿ ಅಂಧರು ಮತ್ತು ಮಂದದೃಷ್ಟಿಯುಳ್ಳವರು ಶಿಕ್ಷಣ, ಉದ್ಯೋಗ ಹಾಗೂ ದೈನಂದಿನ ವ್ಯವಹಾರಗಳಲ್ಲಿ ಬಳಸುತ್ತಾರೆ.

ಕಾರ್ಯವಿಧಾನ

ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಅಕ್ಷರಗಳ ಆಕಾರವನ್ನು ಗುರುತಿಸುವುದಿಲ್ಲ. ಕಾರ್ಯಾಚರಣಾ ವ್ಯವಸ್ಥೆಯಿಂದ ಅಕ್ಷರಗಳ ಸಂಕೇತಗಳನ್ನೂ ಪರದೆಯ ಪ್ರತಿಯೊಂದು ಅಂಶದ ಹೆಸರು ಹಾಗೂ ಸ್ವರೂಪವನ್ನೂ ಪಡೆದು, ಪಠ್ಯವನ್ನು ಧ್ವನಿಯಾಗಿಸುವ ತಂತ್ರಾಂಶಕ್ಕೆ ಕಳುಹಿಸುತ್ತದೆ. ಬ್ರೈಲ್ ಸಾಧನವನ್ನು ಜೋಡಿಸಿದ್ದರೆ ಅದರ ಸಣ್ಣ ಕಡ್ಡಿಗಳು ಮೇಲೆದ್ದು ಚುಕ್ಕಿಗಳಾಗುತ್ತವೆ. ಬಳಕೆದಾರರು ಅವನ್ನು ಬೆರಳಿನಿಂದ ಓದುತ್ತಾರೆ.

ಗಣಕಯಂತ್ರದಲ್ಲಿ ಮೌಸ್‌ಗೆ ಬದಲಾಗಿ ಕೀಲಿಮಣೆಯನ್ನು ಬಳಸಲಾಗುತ್ತದೆ. ಉದಾಹರಣೆಗೆ, ಜಾಲಪುಟವನ್ನು ಓದುವಾಗ ಎನ್‌ವಿಡಿಎ ಮತ್ತು ಜಾಸ್ ತಂತ್ರಾಂಶಗಳಲ್ಲಿ 'ಎಚ್' ಕೀಲಿಯನ್ನು ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗಬಹುದು. ಶೀರ್ಷಿಕೆಯನ್ನು ಶೀರ್ಷಿಕೆಯೆಂದು ಗುರುತಿಸದೆ ದಪ್ಪ ಅಕ್ಷರಗಳಲ್ಲಿ ಮಾತ್ರ ಬರೆದಿದ್ದರೆ ಈ ಸೌಲಭ್ಯ ದೊರೆಯುವುದಿಲ್ಲ. ಚಿತ್ರಗಳಿಗೆ ಪಠ್ಯ ವಿವರಣೆ ನೀಡದಿದ್ದರೆ ಅವುಗಳ ವಿಷಯವೂ ತಿಳಿಯದೆ ಉಳಿಯಬಹುದು.

ಇತಿಹಾಸ

ಐಬಿಎಂ ಸಂಸ್ಥೆಯ ಜಿಮ್ ಥ್ಯಾಚರ್ 1980ರ ದಶಕದಲ್ಲಿ ಡಾಸ್ ವ್ಯವಸ್ಥೆಗಾಗಿ ರೂಪಿಸಿದ ತಂತ್ರಾಂಶವು ಆರಂಭಿಕ ಸ್ಕ್ರೀನ್ ರೀಡರ್‌ಗಳಲ್ಲೊಂದು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಟೆಡ್ ಹೆಂಟರ್ ಸ್ಥಾಪಿಸಿದ ಸಂಸ್ಥೆಯು 1989ರಲ್ಲಿ ಜಾಸ್ ತಂತ್ರಾಂಶವನ್ನು ಹೊರತಂದಿತು. ಇದು ಹಣ ನೀಡಿ ಪಡೆಯಬೇಕಾದ ತಂತ್ರಾಂಶ. ಆಸ್ಟ್ರೇಲಿಯಾದ ಅಂಧ ಪ್ರೋಗ್ರಾಮರ್ ಮೈಕೆಲ್ ಕರನ್ 2006ರಲ್ಲಿ ಉಚಿತ ಮುಕ್ತ ತಂತ್ರಾಂಶವಾದ ಎನ್‌ವಿಡಿಎಯನ್ನು ಆರಂಭಿಸಿದರು. 2009ರಲ್ಲಿ ಐಫೋನ್‌ಗೆ ವಾಯ್ಸ್‌ಓವರ್, ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಬಂದವು.

ಕನ್ನಡದಲ್ಲಿ ಬಳಕೆ

ಮುಕ್ತ ತಂತ್ರಾಂಶವಾದ ಇಸ್ಪೀಕ್ ಕನ್ನಡವನ್ನು ಓದಬಲ್ಲದು. ಎನ್‌ವಿಡಿಎ ಇದನ್ನು ಬಳಸಿಕೊಳ್ಳುತ್ತದೆ. ಇದರ ಧ್ವನಿ ಯಾಂತ್ರಿಕವಾಗಿದ್ದರೂ ವೇಗವಾಗಿ ಓದಿಸಿಕೊಳ್ಳಲು ಅನುಕೂಲಕರ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಗೂಗಲ್‌ನ ಕನ್ನಡ ಧ್ವನಿಯೂ ಲಭ್ಯವಿದೆ.

ಕನ್ನಡದ ಮುಖ್ಯ ತೊಡಕು ಅಕ್ಷರಸಂಕೇತಗಳದ್ದು. ಯೂನಿಕೋಡ್‌ನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಸ್ವಂತ ಸಂಕೇತವಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ಜೋಡಿಸಲಾಗಿತ್ತು. ಅಂತಹ ಕಡತವು ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಓದುತ್ತದೆ. ಹೀಗಾಗಿ ಒಂದೇ ಸುತ್ತೋಲೆ ಕಣ್ಣಿರುವ ಸಿಬ್ಬಂದಿಗೆ ತಲುಪಿ, ಅಂಧ ಸಿಬ್ಬಂದಿಗೆ ತಲುಪದೆ ಹೋಗಬಹುದು. ಇಂತಹ ಕಡತಗಳನ್ನು ಪರಿವರ್ತಕ ತಂತ್ರಾಂಶಗಳಿಂದ ಯೂನಿಕೋಡ್‌ಗೆ ಬದಲಾಯಿಸಬಹುದು. ನುಡಿ ಮತ್ತು ಬರಹಗಳಲ್ಲಿಯೂ ಈಗ ಯೂನಿಕೋಡ್ ಸೌಲಭ್ಯವಿದೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟಗಳು ಕೇವಲ ಚಿತ್ರಗಳಾಗಿರುವುದರಿಂದ ಅವುಗಳಿಗೆ ಅಕ್ಷರ ಗುರುತಿಸುವ (ಒಸಿಆರ್) ತಂತ್ರಾಂಶ ಬೇಕಾಗುತ್ತದೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವು ಕನ್ನಡವನ್ನು ಗುರುತಿಸುತ್ತದೆ. ಆದರೆ ಒತ್ತಕ್ಷರಗಳಲ್ಲಿ ಮತ್ತು ಮಸುಕಾದ ಮುದ್ರಣದಲ್ಲಿ ತಪ್ಪುಗಳಾಗುವ ಸಂಭವವಿದ್ದು, ಫಲಿತಾಂಶವನ್ನು ತಿದ್ದಬೇಕಾಗುತ್ತದೆ.

ಶಿಕ್ಷಣ ಮತ್ತು ಉದ್ಯೋಗ

ಭಾರತದಲ್ಲಿ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಇಂತಹ ಸೌಲಭ್ಯಗಳಿಗೆ ಕಾನೂನಿನ ಆಧಾರವಾಗಿದೆ. ಇದು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಇದರ 17ನೆಯ ಪ್ರಕರಣವು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆನ್ನುತ್ತದೆ. 20ನೆಯ ಪ್ರಕರಣದ ಪ್ರಕಾರ ಸರ್ಕಾರಿ ಸಂಸ್ಥೆಗಳು ವಿಕಲಚೇತನ ನೌಕರರಿಗೆ ಸಮಂಜಸವಾದ ಅನುಕೂಲಗಳನ್ನು ಕಲ್ಪಿಸಬೇಕು. ಸೇವೆಯಲ್ಲಿರುವಾಗ ವೈಕಲ್ಯ ಉಂಟಾದ ನೌಕರರನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ನೌಕರರು ಟಿಪ್ಪಣಿ, ಪತ್ರವ್ಯವಹಾರ, ಲೆಕ್ಕಪತ್ರಗಳನ್ನು ಮತ್ತೆ ತಾವೇ ನಿರ್ವಹಿಸಲು ಸ್ಕ್ರೀನ್ ರೀಡರ್ ತರಬೇತಿ ನೆರವಾಗುತ್ತದೆ.

42ನೆಯ ಪ್ರಕರಣವು ವಿದ್ಯುನ್ಮಾನ ಮಾಹಿತಿಯು ಎಲ್ಲರಿಗೂ ಬಳಸಲು ಯೋಗ್ಯವಾದ ರೂಪದಲ್ಲಿರುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಶಾಲೆ ಅಥವಾ ಕಚೇರಿಯಲ್ಲಿ ಸ್ಕ್ರೀನ್ ರೀಡರ್ ಅಳವಡಿಸಿದ್ದರೂ ಪಠ್ಯಪುಸ್ತಕ, ನಮೂನೆ, ಪ್ರಶ್ನೆಪತ್ರಿಕೆಗಳು ಯೂನಿಕೋಡ್ ಪಠ್ಯವಾಗಿ ಇಲ್ಲದಿದ್ದರೆ ಬಳಕೆದಾರರು ಇತರರ ಓದಿನ ನೆರವನ್ನೇ ಅವಲಂಬಿಸಬೇಕಾಗುತ್ತದೆ.